ನಾಲ್ಕು ಭಾಷೆ ಮಾತಾಡುತ್ತೇನೆ, ಅದರಲ್ಲಿ ಎರಡನ್ನು ಓದಲು ಬರುವುದಿಲ್ಲ. 43ಕ್ಕೆ ಶುರು ಮಾಡಬಹುದಾ?

ಗಂಜ್ ಗುಮಾಸ್ತ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತ. 17 ವರ್ಷದಿಂದ ಅದೇ ಗಾದಿ, ಅದೇ ಗಲ್ಲಾಪೆಟ್ಟಿಗೆ. ಹತ್ತಿ, ತೊಗರಿ, ಭತ್ತ ಬರುತ್ತದೆ, ತೂಕ ಆಗುತ್ತದೆ, ನಾನು ಪಟ್ಟಿ ಬರೆಯುತ್ತೇನೆ.

ಬೆಳಿಗ್ಗೆ ಮಾನ್ವಿ, ದೇವದುರ್ಗದ ರೈತರು ಬಂದರೆ ಕನ್ನಡ. ಗದ್ವಾಲ, ಮಕ್ತಲ್ ಕಡೆಯವರು ಬಂದರೆ ತೆಲುಗು. ಹಮಾಲರಲ್ಲಿ ಅರ್ಧ ಜನ ಮನೆಯಲ್ಲಿ ಉರ್ದು ಆಡುವವರು, ಅವರ ಜೊತೆ ಅದೇ. ಖರೀದಿದಾರರ ಫೋನ್ ಬಂದರೆ ಹಿಂದಿ. ಯಾವುದನ್ನೂ ಕೂತು ಕಲಿತಿಲ್ಲ. ತೆಲುಗು ನಮ್ಮ ಓಣಿಯಲ್ಲೇ ಇತ್ತು. ಉರ್ದು ಗೋಲಿ ಆಡುವಾಗ ಬಂತು. ಬೈಗುಳ ಮೊದಲು ಬಂತು, ಉಳಿದದ್ದು ಆಮೇಲೆ. ಹಿಂದಿ ಸ್ಕೂಲಿನಲ್ಲಿ ಇತ್ತು, ಹಾಗಾಗಿ ತಡವರಿಸಿಕೊಂಡು ಓದುತ್ತೇನೆ. ತೆಲುಗು, ಉರ್ದು ಮಾತ್ರ ಒಂದು ಅಕ್ಷರವೂ ಗೊತ್ತಿಲ್ಲ.

ಇಷ್ಟು ವರ್ಷ ಇದೊಂದು ಕೊರತೆ ಅಂತ ಅನಿಸಿರಲಿಲ್ಲ. ಹೋದ ತಿಂಗಳು ಅನಿಸಿತು.

ಗದ್ವಾಲ ಕಡೆಯ ಒಬ್ಬ ಹಿರಿಯರು ನಮ್ಮ ಹಳೇ ಗಿರಾಕಿ. ನಾನು ಅವರನ್ನು ಪೆದ್ದಾಯನ ಅಂತಲೇ ಕರೆಯುವುದು. ಅವತ್ತು ತಾವು ಬರದೆ ಗಾಡಿಯಲ್ಲಿ ತೊಗರಿ ಕಳಿಸಿದ್ದರು. ಜೊತೆಗೆ ತೆಲುಗಿನಲ್ಲಿ ಒಂದು ಚೀಟಿ. 22 ಚೀಲ ಒಬ್ಬರದು, 14 ಚೀಲ ಇನ್ನೊಬ್ಬರದು. ಅಂಕಿ ಗೊತ್ತಾಯ್ತು, ಹೆಸರು ಗೊತ್ತಾಗಲಿಲ್ಲ. ಗಾಡಿಯವನು ಚೀಲ ಇಳಿಸಿ ಹೋಗಿಬಿಟ್ಟಿದ್ದ. ಯಾರನ್ನಾದರೂ ಕೇಳಬಹುದಿತ್ತು. ಸೀಜನ್ ಗಡಿಬಿಡಿ, ಜೊತೆಗೆ ಸ್ವಲ್ಪ ಮರ್ಯಾದೆ ಪ್ರಶ್ನೆ ಕೂಡಾ. ಮೇಲಿನ ಹೆಸರು ಅವರದ್ದೇ ಇರಬೇಕು ಅಂದುಕೊಂಡು ಪಟ್ಟಿ ಬರೆದೆ. ಮೇಲಿನದ್ದು ಅವರ ತಮ್ಮನದಂತೆ. 8 ಚೀಲದ ದುಡ್ಡು ಈ ಮನೆಯಿಂದ ಆ ಮನೆಗೆ ಹೋಯಿತು ಅಂತ ಆಮೇಲೆ ಇಬ್ಬರಿಗೂ ಮಾತಾಯಿತು.

ಎರಡು ದಿನ ಬಿಟ್ಟು ಪೆದ್ದಾಯನ ಬಂದರು. ಬೈಯಲಿಲ್ಲ. "ಚೀಟಿಯಲ್ಲಿ ಬರೆಸಿ ಕಳಿಸಿದ್ದೆನಲ್ಲಾ. ಇನ್ನೇಂಡ್ಲ ಸಂದಿ ಮಾಟ್ಲಾಡ್ತುನ್ನವ್, ಚದುವರಾದಾ?" ಅಂದರು. ಇಷ್ಟು ವರ್ಷದಿಂದ ಮಾತಾಡ್ತೀಯ, ಓದಕ್ಕೆ ಬರಲ್ವಾ ಅಂತ. ಬೈದಿದ್ದರೆ ವಾಸಿ ಇತ್ತು.

ಇನ್ನೊಂದು ವಿಷಯ. ಮನೆಯಲ್ಲಿ ಅಜ್ಜನ ತಗಡಿನ ಟ್ರಂಕು ಇದೆ. ಅದರಲ್ಲಿ ನಾಲ್ಕು ಉರ್ದು ಕಾಗದ. ಅಜ್ಜ ಓದಿದ್ದು ನಿಜಾಮರ ಕಾಲದ ಉರ್ದು ಸಾಲಿಯಲ್ಲಿ, ಅಪ್ಪ ಓದಿದ್ದು ಕನ್ನಡದಲ್ಲಿ. ಅಜ್ಜನ ಕೈಬರಹ ಅಪ್ಪನಿಗೇ ಓದಲು ಬರುತ್ತಿರಲಿಲ್ಲ. "ಅದು ಹೊಲದ್ದು, ಹಾಗೇ ಇಡು" ಅಂತಿದ್ದರು, ಅಷ್ಟೇ. ನಮ್ಮ ಹಮಾಲರೊಬ್ಬರಿಗೆ ತೋರಿಸಿದೆ. ಮೇಲೆ 1345 ಅಂತ ಇಸವಿ ಇದೆ ಅಂದರು. 1345 ಅಂದರೆ ಆಗಿನ್ನೂ ಹಂಪಿಯಲ್ಲಿ ಹಕ್ಕಬುಕ್ಕರು ಇದ್ದ ಕಾಲ ಅಲ್ವಾ? ನಮ್ಮ ಅಜ್ಜ ಅಷ್ಟು ಹಳಬರಲ್ಲ!

ದಿನಾ ಕೋಟೆ ಪಕ್ಕದಲ್ಲೇ ಓಡಾಡುತ್ತೇನೆ. ಅಲ್ಲಿ ಗೋಡೆಯಲ್ಲಿ ಆ ಉದ್ದನೆಯ ಕಲ್ಲಿದೆಯಲ್ಲ, 1294ರ ತೆಲುಗು ಶಾಸನ. ಬಾಗಿಲುಗಳ ಹತ್ತಿರ ಪಾರ್ಸಿ ಶಾಸನಗಳೂ ಇವೆ. ಮೊದಲೆಲ್ಲಾ ಕಲ್ಲು ಅಂತ ನೋಡುತ್ತಿದ್ದೆ. ಈಗ ಅದೂ ಒಂದು ಚೀಟಿ ಥರ ಕಾಣುತ್ತದೆ.

ಕೇಳಬೇಕಾದ್ದು ಇಷ್ಟು. ಮೊದಲು ತೆಲುಗಾ, ಉರ್ದುವಾ? ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಸಿಗುತ್ತದೆ. ಕ್ಲಾಸಿಗೆ ಹೋಗಲು ಆಗುವುದಿಲ್ಲ. ಮಾತು ಮೊದಲೇ ಗೊತ್ತಿದ್ದು ಅಕ್ಷರ ಆಮೇಲೆ ಕಲಿತವರು ಯಾರಾದರೂ ಇದ್ದೀರಾ? ಎಂಟನೇ ಕ್ಲಾಸಿನ ಮಗಳು "ಅಪ್ಪ ಮತ್ತೆ ಅಂಗನವಾಡಿಗೆ ಸೇರಿದ್ದಾರೆ" ಅಂತ ಈಗಲೇ ನಗುತ್ತಿದ್ದಾಳೆ.

ಕ್ಯಾಂಪಿನ ಟೀಚರ್, ಸಿಂಧನೂರು

ಅಣ್ಣಾ, ತೆಲುಗಿನಿಂದಲೇ ಶುರು ಮಾಡಿ. ಒಂದು ತಿಂಗಳೂ ಬೇಡ.

ನನ್ನ ಕಥೆ ಕೇಳಿ. ಕಾಲುವೆ ನೀರು ಬಂದ ಮೇಲೆ ಗುಂಟೂರು ಕಡೆಯಿಂದ ಬಂದು ಇಲ್ಲಿ ಹೊಲ ತಗೊಂಡವರು ನಮ್ಮ ತಾತ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಕನಸು ತೆಲುಗಿನಲ್ಲಿ ಬೀಳುತ್ತಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ನನ್ನ ಮದುವೆ ಕಾರ್ಡು ತೆಲುಗಿನಲ್ಲಿ ಅಚ್ಚಾಯಿತು. ನಾನೇ 200 ಕಾರ್ಡಿಗೆ ಅರಿಶಿನ ಹಚ್ಚಿದೆ. ಅದರಲ್ಲಿ ನನ್ನ ಹೆಸರೇ ತಪ್ಪಾಗಿತ್ತು! ಮದುವೆ ದಿನ ಅತ್ತೆ ಕಡೆಯವರು ತೋರಿಸಿದಾಗ ಗೊತ್ತಾಯಿತು. ಆಮೇಲೆ ಹಟಕ್ಕೆ ಬಿದ್ದು ಕಲಿತೆ.

ಕನ್ನಡ, ತೆಲುಗು ಎರಡೂ ಒಂದೇ ಹಳೇ ಲಿಪಿಯಿಂದ ಕವಲೊಡೆದವು. ಹಾಗಾಗಿ ಗ, ಟ, ಡ, ದ, ಬ, ರ, ಲ ಎಲ್ಲಾ ನಿಮಗೆ ಆಗಲೇ ಗೊತ್ತು. ನಮ್ಮ ತಲೆಕಟ್ಟು ಅಡ್ಡಗೆರೆ, ಅವರದ್ದು ಟಿಕ್ ಮಾರ್ಕು. ನೀವು ಲೆಕ್ಕದ ಪುಸ್ತಕದಲ್ಲಿ ಸಾಲು ಮುಗಿದ ಮೇಲೆ ಹಾಕುತ್ತೀರಲ್ಲ, ನಮ್ಮ ತಲೆಕಟ್ಟು ಇರುವ ಕಡೆ ಅದೇ ಟಿಕ್ಕು ಕೂತಿದೆ ಅಂದುಕೊಳ್ಳಿ. ಹೆಚ್ಚು ಕಾಡಿಸುವುದು ಕ ಮತ್ತು ತ. ಅವೆರಡನ್ನು ಹೊಸದಾಗಿಯೇ ಕಲಿಯಬೇಕು. ಇನ್ನೊಂದು, ನಾವು ಕೀ, ಕೇ, ಕೋ ಬರೆದರೆ ಕೊನೆಯಲ್ಲಿ ದೀರ್ಘದ ಕೊಂಬು ಬೇರೆಯಾಗಿ ಬರುತ್ತದೆ. ತೆಲುಗಿನಲ್ಲಿ ಅದು ಇಲ್ಲ, ದೀರ್ಘ ತಲೆ ಮೇಲೇ ಸೇರಿಹೋಗಿರುತ್ತದೆ. ನಾನು ಒಂದು ವಾರ ಆ ಕೊಂಬನ್ನೇ ಹುಡುಕುತ್ತಾ ಎಲ್ಲಾ ದೀರ್ಘವನ್ನೂ ಗಿಡ್ಡ ಮಾಡಿ ಓದಿದೆ.

ಪುಸ್ತಕ ತರಬೇಡಿ. ಗಲ್ಲಾದಲ್ಲಿ ನೋಟು ಇದೆಯಲ್ಲ? ನೋಟಿನ ಹಿಂದೆ 15 ಭಾಷೆಯ ಪಟ್ಟಿ ಇರುತ್ತದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಹದಿನಾಲ್ಕನೆಯದು ತೆಲುಗು, ಕೊನೆಯದು ಉರ್ದು. ಏನು ಬರೆದಿದೆ ಅಂತ ಓದದೆಯೇ ಗೊತ್ತು, ಅದೇ ಅನುಕೂಲ. ಮೊದಲು "ರೂಪಾಯಲು" ಅನ್ನೋದನ್ನು ಹುಡುಕಿ. ಆಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ತೆಲಂಗಾಣ ಬಸ್ಸಿನ ಬೋರ್ಡು ನೋಡಿ.

ಸುಮ್ನೆ ಒಂದು ಮಾತು, ಕೊಪ್ಪಳ

ಈ ಕಾಲದಲ್ಲಿ ಇಷ್ಟು ತ್ರಾಸು ಯಾಕೆ? ಫೋನ್ ಕ್ಯಾಮೆರಾ ಹಿಡಿದರೆ ಯಾವ ಭಾಷೆಯನ್ನು ಬೇಕಾದರೂ ಕನ್ನಡ ಮಾಡಿ ಕೊಡುತ್ತದೆ. ಆ ಅರ್ಧ ಗಂಟೆ ಇಂಗ್ಲಿಷ್‌ಗೆ ಕೊಟ್ಟರೆ ಸಂಬಳ ಆದರೂ ಜಾಸ್ತಿ ಆಗುತ್ತದೆ.

ಗಂಜ್ ಗುಮಾಸ್ತ, ರಾಯಚೂರು

ಮಾಡಿ ನೋಡಿದೆ. ಅಂಗಡಿ ಬೋರ್ಡು ಚೆನ್ನಾಗಿ ಓದಿತು, ಒಪ್ಪುತ್ತೇನೆ. ಪೆದ್ದಾಯನ ಚೀಟಿಗೆ ಹಿಡಿದೆ. "ಬೆಕ್ಕು 22 ಮದುವೆ" ಅಂತ ಬಂತು. ಆ ಲೆಕ್ಕದಲ್ಲಿ ಪಟ್ಟಿ ಬರೆದರೆ ನಮ್ಮ ಸಾಹುಕಾರರು ನನ್ನನ್ನು ಮನೆಗೆ ಕಳಿಸುತ್ತಾರೆ.

ಇಂಗ್ಲಿಷ್ ಬೇಡ ಅಂತಲ್ಲ. ಆದರೆ ಗೊತ್ತಿಲ್ಲದ ಭಾಷೆ ಓದಲು ಬರದಿದ್ದರೆ ಏನೂ ಅನಿಸುವುದಿಲ್ಲ. ಗೊತ್ತಿರುವ ಭಾಷೆ ಎದುರಿಗೆ ಕೂತು ಬಾಯಿ ಮುಚ್ಚಿಕೊಂಡರೆ ಒಂಥರಾ ಆಗುತ್ತದೆ.

ಟೀಚರ್ ಅಕ್ಕ, ನೋಟಿನ ಉಪಾಯಕ್ಕೆ ದೊಡ್ಡ ನಮಸ್ಕಾರ. 17 ವರ್ಷದಲ್ಲಿ ಎಷ್ಟು ನೋಟು ಎಣಿಸಿದ್ದೇನೋ, ಹಿಂದೆ ತಿರುಗಿಸಿ ಆ ಪಟ್ಟಿ ನೋಡಿದ್ದು ಇವತ್ತೇ.

ಉರ್ದು ಮೇಷ್ಟ್ರು, ಮಾನ್ವಿ

ಗುಮಾಸ್ತರೇ, ನಾನು ರಿಟೈರ್ ಆದ ಉರ್ದು ಮೇಷ್ಟ್ರು. ನಿಮ್ಮ ಅಜ್ಜನ ಕಾಗದದಿಂದ ಶುರು ಮಾಡುತ್ತೇನೆ. ಅದು ಹಕ್ಕಬುಕ್ಕರ ಕಾಲದ್ದಲ್ಲ! ಅದು ಫಸಲಿ ಇಸವಿ, ಅಂದರೆ ಕಂದಾಯದ ಲೆಕ್ಕಕ್ಕೆ ಹಿಡಿಯುತ್ತಿದ್ದ ಇಸವಿ. ನಿಜಾಮ್ ಸರಕಾರದ ಕಾಗದ ಹೆಚ್ಚಾಗಿ ಫಸಲಿಯಲ್ಲೇ ಇರುತ್ತದೆ. ಅದಕ್ಕೆ 590 ಕೂಡಿಸಿ. 1345 ಅಂದರೆ 1935ರ ಆಸುಪಾಸು. ಈಗ ಅಜ್ಜನ ವಯಸ್ಸಿಗೆ ಸರಿಹೋಯಿತಾ?

ಆಗ ಕಚೇರಿ, ಕೋರ್ಟು, ಸಾಲಿ ಹೆಚ್ಚಾಗಿ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿ ಪಾಠವನ್ನೂ ಉರ್ದುವಿನಲ್ಲೇ ಹೇಳುತ್ತಿದ್ದರು. ಹಾಗಾಗಿ ಅಜ್ಜ ಉರ್ದು ಓದಿದ್ದರಲ್ಲಿ ವಿಶೇಷ ಏನಿಲ್ಲ. ನಿಮಗೂ ಅರ್ಧ ಬರುತ್ತದೆ. ಅರ್ಜಿ, ಜಮೀನು, ವಸೂಲಿ, ರಸೀದಿ, ಹಾಜರಿ, ವಕೀಲ, ತಹಶೀಲ್ದಾರ್, ನಿಮ್ಮ ಹುದ್ದೆಯ ಗುಮಾಸ್ತ ಅನ್ನೋ ಹೆಸರು, ಎಲ್ಲಾ ಪಾರ್ಸಿ, ಅರಬ್ಬಿಯಿಂದ ಉರ್ದುವಿನ ಕೈಹಿಡಿದು ಬಂದವು.

ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅಕ್ಷರ ಕಲಿತ ತಕ್ಷಣ ಆ ಕಾಗದ ಓದಬಹುದು ಅಂದುಕೊಳ್ಳಬೇಡಿ. ನಾನು 31 ವರ್ಷ ಉರ್ದು ಕಲಿಸಿದವನು, ಹಳೇ ಕಚೇರಿ ಕಾಗದ ಕೊಟ್ಟರೆ ನಾನೂ ಕನ್ನಡಕ ಒರೆಸಿಕೊಳ್ಳುತ್ತೇನೆ. ಆ ಬರಹಕ್ಕೆ ಶಿಕಸ್ತಾ ಅಂತಾರೆ. ಶಿಕಸ್ತಾ ಅಂದರೆ ಮುರಿದದ್ದು. ಗುಮಾಸ್ತರು ಅವಸರದಲ್ಲಿ ಚುಕ್ಕಿ ಬಿಟ್ಟು, ಸೇರಿಸಬಾರದ್ದನ್ನು ಸೇರಿಸಿ ಎಳೆದುಬಿಡುತ್ತಿದ್ದರು. (ನಿಮ್ಮ ಪಟ್ಟಿ ನಿಮ್ಮ ಮೊಮ್ಮಗ ಓದಬಲ್ಲನಾ, ಯೋಚನೆ ಮಾಡಿ.) ಲೆಕ್ಕದ ಜಾಗದಲ್ಲಿ ಕೆಲವೊಮ್ಮೆ ಅಂಕಿಯೂ ಬೇರೆ ಇರುತ್ತದೆ, ರಖಂ ಅಂತ. ಆ ಕಾಗದವನ್ನು ಬಲ್ಲವರ ಕೈಯಲ್ಲಿ ಓದಿಸಿ. ಉರ್ದು ಬೇರೆ ಕಾರಣಕ್ಕೆ ಕಲಿಯಿರಿ.

ಹೇಗೆ ಅಂದರೆ, ಮೊದಲು ದೋಣಿ. ಉರ್ದುವಿನಲ್ಲಿ ಬೇ, ಪೇ, ತೇ, ಸೇ ನಾಲ್ಕೂ ಒಂದೇ ದೋಣಿ. ಕೆಳಗೆ ಒಂದು ಚುಕ್ಕಿ ಇಟ್ಟರೆ ಬೇ, ಕೆಳಗೆ ಮೂರು ಪೇ, ಮೇಲೆ ಎರಡು ತೇ, ಮೇಲೆ ಮೂರು ಸೇ. ಬಲದಿಂದ ಎಡಕ್ಕೆ ಹೋಗಬೇಕು. ಅಂಕಿ ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೆ. ಕಷ್ಟ ಇರುವುದು ಗುಣಿತದಲ್ಲಿ. ಕನ್ನಡದ ಹಾಗೆ ಇಳಿ, ಗುಡಿಸು, ಕೊಂಬು ಎಲ್ಲಾ ಬರೆದು ತೋರಿಸುವುದಿಲ್ಲ, ಗಿಡ್ಡ ಸ್ವರವನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ಕಾಫ್, ಲಾಮ್ ಎರಡೇ ಅಕ್ಷರ ಇದ್ದರೆ ಅದು ಕಲ್ ಇರಬಹುದು, ಕುಲ್ ಇರಬಹುದು. ನಿಮ್ಮ ಅಂಗಡಿಯಲ್ಲಿ ಇದು ದೊಡ್ಡ ಫರಕು ನೋಡಿ. "ಕಲ್" ಅಂದರೆ ದುಡ್ಡು ನಾಳೆ, "ಕುಲ್" ಅಂದರೆ ಒಟ್ಟು ಇಷ್ಟು. ಮಾತು ಗೊತ್ತಿಲ್ಲದವರು ಇಲ್ಲೇ ಮುಗ್ಗರಿಸುತ್ತಾರೆ. ನಿಮಗೆ ಮಾತು ಗೊತ್ತು. ಅಲ್ಲೇ ನಿಮ್ಮ ಗೆಲುವು.

ಇನ್ನೊಂದು ಎಚ್ಚರಿಕೆ. ನೀವು ಆಡುವುದು ದಖನಿ, ನಮ್ಮ ಕಡೆಯ ಆಡುಮಾತಿನ ಉರ್ದು. ಪುಸ್ತಕದಲ್ಲಿ ಬರುವುದು ಬೇರೆ. ನೀವು "ನಕ್ಕೋ", "ಕಾಯ್ಕು", "ಮೇರೆಕು" ಅಂತೀರಿ, ಪುಸ್ತಕದಲ್ಲಿ ಇದ್ಯಾವುದೂ ಸಿಗುವುದಿಲ್ಲ. "ಕಲ್ ಆತೂಂ ಬೋಲ್ಕೆ ಬೋಲ್ಯಾ" ಅಂತೀವಲ್ಲ ನಾವು? ಅದರಲ್ಲಿ ಆ ಬೋಲ್ಕೆ ಕೂತಿರುವ ಜಾಗ ನೋಡಿ. "ನಾಳೆ ಬರ್ತೀನಿ ಅಂತ ಹೇಳಿದ". ನಮ್ಮ "ಅಂತ" ಇದ್ದ ಜಾಗದಲ್ಲೇ ಇದೆ. ತೆಲುಗಿನ "ಅನಿ" ಕೂಡಾ ಅಲ್ಲೇ ಕೂರುತ್ತದೆ. ದಿಲ್ಲಿಯವರು ಹೀಗೆ ಹೇಳುವುದಿಲ್ಲ, "ಉಸ್ ನೇ ಕಹಾ ಕಿ" ಅಂತ ಮೊದಲೇ ಹೇಳಿ ಮುಗಿಸುತ್ತಾರೆ. ನಮ್ಮ ಸಾಲಿಗೆ ಬಂದ ಇನ್ಸ್‌ಪೆಕ್ಟರ್ ಒಬ್ಬರು ನನ್ನ ಮಕ್ಕಳ "ಬೋಲ್ಕೆ" ಕೇಳಿ ಮುಖ ಸಿಂಡರಿಸಿದ್ದರು. ನನಗೆ ಅದು ತಪ್ಪು ಅಂತ ಇವತ್ತಿಗೂ ಅನಿಸಿಲ್ಲ.

ಬಿಡುವಾದಾಗ ಮಾನ್ವಿಗೆ ಬನ್ನಿ. ಫೋನಿನಲ್ಲಿ ದೋಣಿ ಬರೆಸಲು ಆಗುವುದಿಲ್ಲ.

ತಾಂಡಾದ ಹುಡುಗ, ಲಿಂಗಸುಗೂರು

ಅಣ್ಣಾ, ನಿಮ್ಮ ಪೋಸ್ಟ್ ಓದಿ ಸ್ವಲ್ಪ ಹೊಟ್ಟೆಕಿಚ್ಚು ಆಯಿತು. ನಿಮಗೆ ಕಲಿಯಲು ಅಕ್ಷರ ಆದರೂ ಇದೆ. ನಮ್ಮ ಗೋರ್ ಬೋಲಿಗೆ, ಅಂದರೆ ಲಂಬಾಣಿ ಭಾಷೆಗೆ, ಅದೇ ಇಲ್ಲ. ನಾನು ಕನ್ನಡ ಅಕ್ಷರದಲ್ಲಿ ಟೈಪ್ ಮಾಡುತ್ತೇನೆ. ಮೆಹಬೂಬನಗರದ ಕಡೆ ಇರುವ ಮಾಮನ ಮಗ ತೆಲುಗು ಅಕ್ಷರದಲ್ಲಿ. ಸೊಲ್ಲಾಪುರದ ಸಂಬಂಧಿಕರು ಮರಾಠಿ ಅಕ್ಷರದಲ್ಲಿ. "ಯಾಡಿ" ಅಂದರೆ ಮೂವರಿಗೂ ಅಮ್ಮನೇ, ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಓದಲು ಬರಲ್ಲ. ಮನೆ ಗ್ರೂಪಿನಲ್ಲಿ ಬರೀ ವಾಯ್ಸ್ ಮೆಸೇಜು. ಕ್ಲಾಸಿನಲ್ಲಿ ಕೂತಾಗ ಬಂದರೆ ಕೇಳುವ ಹಾಗೂ ಇಲ್ಲ.

2011ರ ಜನಗಣತಿಯಲ್ಲಿ ಲಂಬಾಣಿ ಮಾತಾಡುವವರು 30 ಲಕ್ಷಕ್ಕೂ ಜಾಸ್ತಿ. ಅಷ್ಟೂ ಜನರನ್ನು ಹಿಂದಿ ಅನ್ನೋ ತಲೆಬರಹದ ಕೆಳಗೆ ಸೇರಿಸಿದ್ದಾರೆ. ನಮ್ಮ ಯಾಡಿಗೆ ಹಿಂದಿ ಸಿನಿಮಾ ಅರ್ಥ ಆಗಲ್ಲ ಅನ್ನೋದು ಬೇರೆ ವಿಷಯ.

ಟೀಚರ್ ಹೇಳಿದ ಟಿಕ್ ಮಾರ್ಕಿನ ಉಪಾಯ ನನಗೂ ಬೇಕು. ನಾಳೆಯಿಂದ ಮಾಮನ ಮಗನ ಮೆಸೇಜೇ ನನ್ನ ಪಠ್ಯಪುಸ್ತಕ.

ಕೌಲ್ ಬಜಾರ್ ಮೊಮ್ಮಗಳು, ಬಳ್ಳಾರಿ

ಇದನ್ನು ಓದಿ ನಮ್ಮಜ್ಜಿಯ ಉಪ್ಪಿನಕಾಯಿ ಪುಸ್ತಕ ನೆನಪಾಯಿತು. ಅವರು ಶಾಲೆಗೆ ಹೋಗುವಾಗ ಬಳ್ಳಾರಿ ಇನ್ನೂ ಮದ್ರಾಸಿನಲ್ಲಿತ್ತು. ನಾವು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅಜ್ಜಿ ಕಲಿತದ್ದು ತೆಲುಗು ಅಕ್ಷರ, ಮನೆಮಾತು ಕನ್ನಡ. ಹಾಗಾಗಿ ಕನ್ನಡವನ್ನು ತೆಲುಗು ಅಕ್ಷರದಲ್ಲಿ ಬರೆದಿಟ್ಟಿದ್ದರು. ನಮ್ಮ ಪಕ್ಕದ ಮನೆ ತೆಲುಗು ಆಂಟಿಗೆ ಓದಲು ಕೊಟ್ಟರೆ ಗಟ್ಟಿಯಾಗಿ ಓದುತ್ತಾರೆ, ಅರ್ಥ ಆಗಲ್ಲ. ನಮಗೆ ಕೇಳಿದರೆ ಅರ್ಥ ಆಗುತ್ತದೆ, ಓದಕ್ಕೆ ಬರಲ್ಲ. ಇಬ್ಬರೂ ಕೂತು ಒಂದು ಪುಸ್ತಕ ಮುಗಿಸಿದೆವು. "ಉಪ್ಪು 1 ಸೇರು" ಅನ್ನೋ ಕಡೆ ಮಾತ್ರ ಅದು ಕನ್ನಡವೋ ತೆಲುಗೋ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಉಪ್ಪು ಜಾಸ್ತಿ ಆಯಿತು, ಅದು ಬೇರೆ.

ಗಂಜ್ ಗುಮಾಸ್ತ, ರಾಯಚೂರು

16 ದಿನ ಆಯಿತು, ಹೇಳಿಬಿಡೋಣ ಅಂತ ಬಂದೆ.

ಮೊದಲ ಮೂರು ದಿನ ಬರೀ ನೋಟು. 500ರ ನೋಟನ್ನು ಕಣ್ಣಿನ ಹತ್ತಿರ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಿದ್ದೆ. ನಮ್ಮ ಸಾಹುಕಾರರು ಖೋಟಾ ನೋಟು ಬಂದಿದೆ ಅಂತ ಹೆದರಿ ಇಡೀ ಕಟ್ಟು ಬಿಚ್ಚಿಸಿದರು. ವಿಷಯ ಹೇಳಿದೆ. "ಎಣಿಸಾಕ ಕೊಟ್ರ ಓದಕೊಂತ ಕುಂತೀಯಲ್ಲೋ" ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಓದಿದ್ದು "ಗದ್ವಾಲ". ಗ, ದ ಎಲ್ಲಾ ನಮ್ಮವೇ, ಖುಷಿಯಾಯಿತು. ಅದೇ ಖುಷಿಯಲ್ಲಿ ಪಕ್ಕದ ಬಸ್ಸಿಗೆ ಹೋದೆ. "ರ್ನೂಲು" ಅಂತ ಓದಿದೆ, ಮೊದಲ ಅಕ್ಷರ ಏನು ಅಂತ ತಿಳಿಯದೆ ನಿಂತೆ. ಆಮೇಲೆ ಹೊಳೆಯಿತು, ಅದು ಕರ್ನೂಲು. ಟೀಚರ್ ಅಕ್ಕ ಹೇಳಿದ ಕ ಅದು. ಬಸ್ಸು ಹೊರಟ ಮೇಲೆ ಹೊಳೆಯಿತು, ಪರವಾಗಿಲ್ಲ, ನಾನು ಹತ್ತುವವನಲ್ಲವಲ್ಲ. ಈಗ ಮಗಳು ನಗುವುದು ಬಿಟ್ಟಿದ್ದಾಳೆ. ಅವಳಿಗೆ ನನಗಿಂತ ಬೇಗ ಬರುತ್ತಿದೆ, ಅದು ಸ್ವಲ್ಪ ಬೇಜಾರು.

ಉರ್ದು ಇನ್ನೂ ದೋಣಿಯಲ್ಲೇ ಇದೆ. ಹೋದ ಭಾನುವಾರ ಮಾನ್ವಿಗೆ ಹೋಗಿದ್ದೆ. ಮೇಷ್ಟ್ರು ಚಹಾ ಕೊಟ್ಟು ಎರಡು ಗಂಟೆ ಚುಕ್ಕಿ ಇಡಿಸಿದರು. ಅಜ್ಜನ ಕಾಗದ ಅವರೂ ನೋಡಿದರು. ಅಜ್ಜನ ಹೆಸರು, ಊರ ಹೆಸರು, ಫಸಲಿ ಇಷ್ಟು ಓದಿ, ಉಳಿದದ್ದಕ್ಕೆ ತಲೆ ಅಲ್ಲಾಡಿಸಿದರು. ಅಜ್ಜನ ಹೆಸರು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ್ದಾರೆ. ಅದೊಂದನ್ನು ಈಗ ನಾನೇ ಗುರುತಿಸುತ್ತೇನೆ, ಓದುವುದಲ್ಲ, ಮುಖ ಗುರುತು ಹಿಡಿದ ಹಾಗೆ.

ಮೊನ್ನೆ ಪೆದ್ದಾಯನ ಬಂದಿದ್ದರು. ಹಳೇ ಚೀಟಿ ತೆಗೆದು ಅವರ ಎದುರಿಗೇ ಓದಿದೆ. ಕೈಬರಹ, ತುಂಬಾ ಕಷ್ಟ. ಎರಡು ಹೆಸರಿಗೆ ಹತ್ತು ನಿಮಿಷ ಆಯಿತು. ಒಂದು ಅಕ್ಷರ ಏನು ಮಾಡಿದರೂ ತಿಳಿಯಲಿಲ್ಲ. ಇದೇನು ಹೇಳಿ ಅಂತ ಚೀಟಿ ಅವರ ಕಡೆ ತಿರುಗಿಸಿದೆ. ಅವರು ಚೀಟಿ ನೋಡಲೇ ಇಲ್ಲ. "ನಾಕೇಂ ತೆಲುಸು ಬಿಡ್ಡಾ" ಅಂದರು. ನನಗೇನು ಗೊತ್ತು ಮಗಾ ಅಂತ. ಅವರಿಗೆ ಓದಲು ಬರುವುದಿಲ್ಲ. ಚೀಟಿ ಬರೆಯುವುದು ಅವರ ಮೊಮ್ಮಗಳು. "ಬರೆಸಿ ಕಳಿಸಿದ್ದೆ" ಅಂತ ಅವತ್ತೇ ಹೇಳಿದ್ದರು, ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಾಗಾದರೆ ಅವತ್ತು ನನಗೆ ಓದಲು ಬರಲ್ವಾ ಅಂತ ಕೇಳಿದಿರಲ್ಲ ಅಂದೆ. ನೀನು ಗುಮಾಸ್ತ ಅಲ್ಲವಾ, ನಿನಗೆ ಬರುತ್ತದೆ ಅಂದುಕೊಂಡಿದ್ದೆ ಅಂದರು. ಮೊಮ್ಮಗಳಿಗೆ ಸ್ವಲ್ಪ ದೊಡ್ಡದಾಗಿ ಬರೆಯಲು ಹೇಳಿ ಅಂತ ಕೇಳಿಕೊಂಡೆ.

ಇವತ್ತು ಮತ್ತೆ ಅವರ ಗಾಡಿ ಬಂತು. ಚೀಟಿಯಲ್ಲಿ ಹೆಸರುಗಳು ಒಂದನೇ ಕ್ಲಾಸಿನ ಕಾಪಿ ಥರ ದಪ್ಪ ದಪ್ಪ, ಒಂದೊಂದು ಅಕ್ಷರ ಬಿಡಿ ಬಿಡಿ. ಯಾರನ್ನೂ ಕೇಳದೆ ಓದಿ ಪಟ್ಟಿ ಬರೆದೆ. ಚೀಟಿಯ ಕೆಳಗೆ, ನಮ್ಮ ಅಂಗಡಿ ಚೀಲದ ಮೇಲಿನದು ನೋಡಿ ಬರೆದಿರಬೇಕು, ಅಂಗಡಿ ಹೆಸರನ್ನು ಕನ್ನಡದಲ್ಲಿ ಬರೆದಿದ್ದಾಳೆ. ಎಲ್ಲಾ ಅಕ್ಷರದ ತಲೆ ಮೇಲೂ ಟಿಕ್ ಮಾರ್ಕು.